ಬೆಟ್ಟದಲ್ಲಿ ಸಿಕ್ಕ ಕೋಡು ಯಾರದು?

ಹಾರವಾಡದ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಬೆಟ್ಟ. ಕಾರವಾರ-ಅಂಕೋಲೆ ನಡುವಿನ ಈ ಸೀಮೆಯಲ್ಲಿ ದರಕು (ಒಣಗಿದ ಎಲೆ) ಗುಡಿಸಲು, ಕಟ್ಟಿಗೆ ತರಲು ಬೆಟ್ಟ ಹತ್ತಿದವರ ಕಾಲಿಗೆ ಒಮ್ಮೊಮ್ಮೆ ಕಡವೆಯ ಕೋಡು ತೊಡರುತ್ತದೆ. ನಾನು ಚಿಕ್ಕವನಿದ್ದಾಗ ನೆರೆಮನೆಯ ಜಗಲಿಯಲ್ಲಿ ಅಂಥದೊಂದು ಕೋಡಿತ್ತು. ಅಜ್ಜ ಅದಕ್ಕೆ ಕೊಡೆ ಸಿಕ್ಕಿಸುತ್ತಿದ್ದ. ಮಂಡಿ ಬಾತರೆ ಅಜ್ಜಿ ಅದರ ತುದಿಯನ್ನೇ ಕಲ್ಲಿಗೆ ತೇದು ಹಚ್ಚುತ್ತಿದ್ದಳು. ಅದನ್ನು ಇಟ್ಟುಕೊಳ್ಳುವುದು ತಪ್ಪೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕಾನೂನು ಮಾತ್ರ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನ ಪ್ರಕಾರ ಕಾಡುಪ್ರಾಣಿಯ ಇಂಥ ಅವಶೇಷ ಸರ್ಕಾರದ ಸ್ವತ್ತು. ಕೈಗೆ ಸಿಕ್ಕ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು, ಕೇಳಿದರೆ ಒಪ್ಪಿಸಬೇಕು.

ತಾನಾಗಿ ಉದುರಿದ ಕೋಡಿಗೂ ಇಷ್ಟು ಬಿಗಿ ಏಕೆ? ಜಿಂಕೆ, ಕಡವೆಗಳ ಕೋಡು ಕಾಡುಕೋಣದ ಕೊಂಬಿನಂತಲ್ಲ. ಉದುರಿ ಮತ್ತೆ ಮೂಡುತ್ತದೆ. ಉದುರಿದ್ದರ ಬುಡ ಒರಟಾಗಿ ಗುಂಡಗಿರುತ್ತದೆ, ಕೊಂದು ಕಡಿದದ್ದಕ್ಕೆ ತಲೆಬುರುಡೆಯ ಎಲುಬು ಅಂಟಿಕೊಂಡಿರುತ್ತದೆ. ಆದರೆ ಗರಗಸ ಹಾಕಿ ಕತ್ತಿಯ ಹಿಡಿ ಮಾಡಿದ ಮೇಲೆ ಎರಡನ್ನೂ ಬೇರೆ ಮಾಡುವವರಾರು? ಹೆಕ್ಕಿದ್ದನ್ನು ಮಾರಲು ಬಿಟ್ಟರೆ ಕೊಂದದ್ದೂ ಅದರ ಜೊತೆಗೇ ಪೇಟೆಗೆ ಬರುತ್ತದೆ. ನಮ್ಮಲ್ಲಿ ಬೇಟೆಯೇ ನಿಷಿದ್ಧ. ಮೇಲಾಗಿ ಕಾಡಿನಲ್ಲಿ ಬಿದ್ದ ಕೋಡು ವ್ಯರ್ಥವಲ್ಲ. ಮುಳ್ಳುಹಂದಿ ಅದನ್ನು ಕಡಿದು ತನಗೆ ಬೇಕಾದ ಸುಣ್ಣದಂಶ ಪಡೆಯುತ್ತದೆ.

ಆದ್ದರಿಂದ ನಿಯಮದ ಬಗ್ಗೆ ನನ್ನ ತಕರಾರಿಲ್ಲ. ಅದು ಬೆಟ್ಟದ ಬುಡದ ಮನೆಗಳಿಗೆ ತಲುಪಿಲ್ಲ ಎಂಬುದೇ ನನ್ನ ಸಂಕಟ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಪೆಂಡೆಂಟ್ ಸುದ್ದಿ ರಾಜ್ಯವನ್ನೇ ಕಲಕಿತು. ಆಮೇಲೆ, 2024ರ ಜನವರಿಯಲ್ಲಿ, ಮನೆಯಲ್ಲಿರುವ ವನ್ಯಜೀವಿ ವಸ್ತುಗಳನ್ನು ಒಪ್ಪಿಸಲು ಸರ್ಕಾರ ಮೂರು ತಿಂಗಳ ಅವಕಾಶ ಪ್ರಕಟಿಸಿತು. ಪತ್ರಿಕೆ ಓದದ ಅಜ್ಜಿಗೆ ಅದು ಗೊತ್ತಾಗುವುದು ಹೇಗೆ?

ಗೊತ್ತಾದರೂ ಠಾಣೆಯ ಮೆಟ್ಟಿಲು ಹತ್ತಲು ಭಯ. ಹೆದರಿದವರು ಕೋಡನ್ನು ಒಲೆಗೆ ಹಾಕುತ್ತಾರೆ, ಇಲ್ಲವೇ ಬಾವಿಗೆ ಎಸೆಯುತ್ತಾರೆ, ತಿಳಿಸುವುದಿಲ್ಲ. ಗ್ರಾಮಸಭೆಗೆ ಅರಣ್ಯ ಗಾರ್ಡ್ ಬಂದು 48 ಗಂಟೆಯ ಲೆಕ್ಕವನ್ನು ಊರಿನ ಮಾತಿನಲ್ಲೇ ಹೇಳಲಿ. ಕೋಡು ತಂದವರ ಕೈಗೆ ಅಲ್ಲೇ ರಸೀದಿ ಕೊಡಲಿ. ಪ್ರಾಮಾಣಿಕವಾಗಿ ತಂದುಕೊಟ್ಟವರನ್ನು ಕಳ್ಳರಂತೆ ವಿಚಾರಿಸುವುದು ಬೇಡ. ನಾವೂ ಒಂದು ಮಾತು ಪಾಲಿಸೋಣ: ಬೆಟ್ಟದಲ್ಲಿ ಕೋಡು ಕಂಡರೆ ದರಕಿನ ಹೊರೆಯನ್ನಷ್ಟೇ ಹೊತ್ತು ಇಳಿಯೋಣ, ಕೋಡು ಬಿದ್ದಲ್ಲೇ ಇರಲಿ.