ಗೋದಾಮಿನ ಹೊರಗೋಡೆಗೆ ಏನು ಹೊದಿಸೋಣ?

ಹಳೆಯ ಮಣ್ಣಿನ ಗೋಡೆಗೆ ಸಿಮೆಂಟು ಬಳಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಲಗೆಯನ್ನೋ ತಗಡನ್ನೋ ಹೊಡೆಸುವ ಗೀಳು ನಮ್ಮ ಸದಸ್ಯ ಬಾಂಧವರಲ್ಲಿ ಹೆಚ್ಚುತ್ತಿದೆ. ಸಂಘದ ಗೋದಾಮಿಗೂ ಹಾಗೆಯೇ ಮಾಡಿಸಬೇಕೆಂಬ ಸಲಹೆ ಬಂದಿದೆ. ನಾವು ಇದನ್ನು ಒಪ್ಪಲಾರೆವು.

ಈಚೆಗೆ ಚಿಕ್ಕಬಳ್ಳಾಪುರದ ಕಡೆ ಹೋಗಿಬಂದ ಮೇಲಂತೂ ಈ ಅಭಿಪ್ರಾಯ ಗಟ್ಟಿಯಾಗಿದೆ. ಅದು ಬಯಲುಸೀಮೆ, ಮಳೆ ಕಡಿಮೆ. ಗೋಡೆಯ ಶತ್ರು ಬಿಸಿಲು. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರನ್ನು ಕೇಳಿ. ಹುಳುಮನೆಯ ಉಷ್ಣತೆ 24ರಿಂದ 28 ಡಿಗ್ರಿ, ತೇವಾಂಶ ನೂರಕ್ಕೆ 70ರಿಂದ 85 ಇರಬೇಕು. ಗೋಡೆ ಕಾದರೆ ಬೆಳೆ ಕೈಕೊಟ್ಟಂತೆಯೇ. ದಪ್ಪ ಮಣ್ಣಿನ ಗೋಡೆ, ಮೇಲೊಂದು ಸುಣ್ಣದ ಬಿಳುಪು ಇದ್ದರೆ ಒಳಗೆ ತಂಪು. ಚಿಂತಾಮಣಿ ಕಡೆಯ ಸೈಜುಗಲ್ಲಿನ ಗೋಡೆಗಾದರೋ ಗಾರೆಯೂ ಬೇಡ, ಬಣ್ಣವೂ ಬೇಡ. ಹಾಗೆಂದು ಬೆಟ್ಟಗಳನ್ನೆಲ್ಲ ಸಿಡಿಸಿರೆಂದು ನಾವು ಹೇಳುತ್ತಿಲ್ಲ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸಿಡಿದು ಆರು ಮಂದಿ ಸತ್ತದ್ದು ನೆನಪಿದೆ. ಹೊಸದಾಗಿ ಕಟ್ಟುವವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ಬಳಕೆಗೆ ತಂದ ಒತ್ತುಮಣ್ಣಿನ ಇಟ್ಟಿಗೆ ಇದೆ. ಕೆಂಪು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ, ನೀರುಣಿಸಿ ಗಟ್ಟಿ ಮಾಡುತ್ತಾರೆ; ಸುಡಲು ಸೌದೆ ಬೇಡ. ಗೌರಿಬಿದನೂರಿನಂಥ ಕೆಂಪು ನೆಲದವರಿಗೆ ಇದು ಹೇಳಿಮಾಡಿಸಿದ್ದು.

ನಮ್ಮ ಮಲೆನಾಡಿನ ಕಥೆ ಬೇರೆ. ಇಲ್ಲಿ ಮಳೆ ಓರೆಯಾಗಿ ಬಂದು ಪಡುವಣ ಗೋಡೆಗೆ ಬಡಿಯುತ್ತದೆ. ಹಿರಿಯರು ಸೂರು ಮುಂದೆ ಚಾಚಿ, ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಮಳೆಗಾಲ ಕಳೆದ ಮೇಲೆ ಅದೇ ತಟ್ಟಿ ಗೊಬ್ಬರದ ಗುಂಡಿಗೆ. ಖರ್ಚೆಂದರೆ ಎರಡು ಆಳಿನ ಕೂಲಿ. ನಾವೋ, ಗೋದಾಮಿನ ಹಿಂಗೋಡೆಗೆ ಸಿಮೆಂಟು ಬಳಿಸಿದೆವು. ಮಣ್ಣು ಹಿಗ್ಗಿ ಕುಗ್ಗುತ್ತದೆ, ಸಿಮೆಂಟು ಬಗ್ಗುವುದಿಲ್ಲ, ಬಿರುಕು ಬಿಟ್ಟಿತು. ಒಳಹೊಕ್ಕ ನೀರಿಗೆ ಆರಲು ದಾರಿಯಿಲ್ಲ. ಗೋಡೆಗೊರಗಿಸಿದ್ದ ಅಡಿಕೆ ಚೀಲಗಳಿಗೆ ಬೂಷ್ಟು ಹಿಡಿದದ್ದನ್ನು ಸದಸ್ಯರು ಕಣ್ಣಾರೆ ಕಂಡಿದ್ದಾರೆ. ಅದನ್ನು ಮುಚ್ಚಲು ಈಗ ಪ್ಲಾಸ್ಟಿಕ್ ಹಲಗೆಯಂತೆ!

ಸುಣ್ಣದ ಗಾರೆಗೆ ದಿನ ಹೆಚ್ಚು ಬೇಕು, ಬಲ್ಲ ಗಾರೆಯವರು ವಿರಳ, ನಿಜ. ಆದರೆ ಅದು ಗೋಡೆಯ ತೇವವನ್ನು ಹೊರಬಿಡುತ್ತದೆ. ಈ ಬೇಸಿಗೆಯಲ್ಲಿ ಹಿಂಗೋಡೆಯ ಸಿಮೆಂಟು ಕೀಳಿಸಿ, ಚೆನ್ನಾಗಿ ಆರಿದ ಮೇಲೆ ಸುಣ್ಣದ ಗಾರೆ ಹಾಕಿಸಿ, ಮಳೆಗೆ ಮುನ್ನ ಸೋಗೆ ತಟ್ಟಿ ಕಟ್ಟಿಸಬೇಕೆಂದು ಆಡಳಿತ ಮಂಡಳಿಗೆ ಬರೆದುಕೊಟ್ಟಿದ್ದೇವೆ. ಸೋಗೆಯನ್ನು ನಮ್ಮ ತೋಟದಿಂದಲೇ ಕೊಡುತ್ತೇವೆ.