ಎಸಿ ಯಂತ್ರಕ್ಕೆ ನಕ್ಷತ್ರ, ಕೂರಿಸುವ ಕೆಲಸಕ್ಕೆ ಯಾರ ತಪಾಸಣೆ?

ಬೇಸಿಗೆ ಬಂತೆಂದರೆ ಹೊಸೂರು, ಕಾಸರಗೋಡು, ಅಕ್ಕಲಕೋಟೆಯಂಥ ಗಡಿ ಪೇಟೆಗಳಲ್ಲಿ ಎಸಿ ಮೆಕ್ಯಾನಿಕ್‌ಗಳಿಗೆ ಬಿಡುವಿಲ್ಲ. ಜವಳಿ ಅಂಗಡಿ, ಚಿನ್ನದ ಅಂಗಡಿ, ನರ್ಸಿಂಗ್ ಹೋಂ, ಕಲ್ಯಾಣ ಮಂಟಪ ಎಲ್ಲಕ್ಕೂ ಈಗ ಎಸಿ ಬೇಕು. ಬಿಲ್ಲು ಕಡಿಮೆ ಬರುತ್ತದೆಂಬ ಆಸೆಯಿಂದ ಮಾಲೀಕರು ಹೆಚ್ಚು ಹಣ ಕೊಟ್ಟು 5 ನಕ್ಷತ್ರದ ಯಂತ್ರ ತರುತ್ತಾರೆ. ಆದರೆ ವಾಣಿಜ್ಯ ದರದ ಕರೆಂಟ್ ಬಿಲ್ಲು ಲೆಕ್ಕ ಹಾಕಿದಷ್ಟು ಇಳಿಯದಿದ್ದರೆ ತಪ್ಪು ಯಂತ್ರದ್ದೋ, ಕೂರಿಸಿದವರದೋ? ಬಂದು ನೋಡಿ ಹೇಳುವ ಹೊಣೆಯನ್ನು ಕಾನೂನು ಯಾರಿಗೂ ವಹಿಸಿಲ್ಲ.

ಕೇಂದ್ರದ ಇಂಧನ ಸಂರಕ್ಷಣಾ ಕಾಯ್ದೆ 2001ರದ್ದು. ಅದರಡಿ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ, ಅಂದರೆ ಬಿಇಇ ಹುಟ್ಟಿತು. ನಕ್ಷತ್ರದ ಲೇಬಲ್ 2006ರಲ್ಲಿ ಶುರುವಾಗಿ, ರೂಮ್ ಎಸಿಗಳಿಗೆ 2010ರಲ್ಲಿ, ಇನ್ವರ್ಟರ್ ಎಸಿಗಳಿಗೆ 2018ರಲ್ಲಿ ಕಡ್ಡಾಯವಾಯಿತು. 2020ರ ಜನವರಿಯಿಂದ ಹೊಸ ಎಸಿಗಳು ಕಾರ್ಖಾನೆಯಿಂದಲೇ 24 ಡಿಗ್ರಿಗೆ ಹೊಂದಿಸಿ ಬರಬೇಕೆಂಬ ನಿಯಮ ಬಂತು. ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ರಾಜ್ಯಗಳ ನಿಯೋಜಿತ ಸಂಸ್ಥೆಗಳು ತಪಾಸಣಾ ಅಧಿಕಾರಿಗಳನ್ನೂ ನೇಮಿಸಬಹುದು. ಆದರೆ ಎಸಿ ವಿಷಯದಲ್ಲಿ ಆ ಅಧಿಕಾರಿ ನೋಡಬೇಕಾದದ್ದು ಎರಡೇ: ಯಂತ್ರ ನಿಗದಿತ ಗುಣಮಟ್ಟದ್ದೇ, ಲೇಬಲ್ ಸರಿಯಾಗಿದೆಯೇ. ಗೋಡೆಗೆ ಏರಿದ ಮೇಲೆ ಅದು ಹೇಗೆ ಓಡುತ್ತಿದೆ ಎಂಬುದು ಅವನ ಕೆಲಸವಲ್ಲ.

ಕರೆಂಟು ಸೋರುವುದು ಬಹಳ ಕಡೆ ಅಲ್ಲಿಯೇ. ನಕ್ಷತ್ರದ ಲೆಕ್ಕ ಪ್ರಯೋಗಾಲಯದ್ದು. ಅಲ್ಲಿ ಗ್ಯಾಸ್ ಅಳತೆಯಷ್ಟೇ ಇರುತ್ತದೆ, ಪೈಪ್ ಹೇಳಿದಷ್ಟೇ ಉದ್ದವಿರುತ್ತದೆ. ಅಂಗಡಿಯಲ್ಲಿ ಹಾಗಲ್ಲ. ಔಟ್‌ಡೋರ್ ಯೂನಿಟ್ಟನ್ನು ಹಿಂದಿನ ಇಕ್ಕಟ್ಟಿನ ಸಂದಿಯಲ್ಲಿ ಇಟ್ಟರೆ ಅದು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ತಾಮ್ರದ ಪೈಪ್ ಮಡಚಿದರೆ, ಅದಕ್ಕೆ ಸುತ್ತಿದ ಹೊದಿಕೆ ಬಿಸಿಲಿಗೆ ಸೀಳಿದರೆ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ. ವ್ಯಾಕ್ಯೂಮ್ ಪಂಪ್ ಹಚ್ಚಿ ಪೈಪಿನ ಗಾಳಿ, ತೇವ ತೆಗೆಯಬೇಕಾದ ಕಡೆ ಸ್ವಲ್ಪ ಗ್ಯಾಸನ್ನೇ ಹೊರಕ್ಕೆ ಊದಿ ಕೆಲಸ ಮುಗಿಸುವವರಿದ್ದಾರೆ. ತೂಕದ ಯಂತ್ರವಿಲ್ಲದೆ ಅಂದಾಜಿನಲ್ಲಿ ಗ್ಯಾಸ್ ತುಂಬುವವರೂ ಇದ್ದಾರೆ. ಗ್ಯಾಸ್ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಇದು ಬಿಲ್ಲಿನ ಮಾತು ಮಾತ್ರವೂ ಅಲ್ಲ. ಈಗಿನ ಹಲವು ಎಸಿಗಳಲ್ಲಿರುವ ಆರ್-32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳಬಲ್ಲ ಗ್ಯಾಸ್.

ಕಟ್ಟಡಗಳಿಗೊಂದು ಸಂಹಿತೆ ಇದೆಯಲ್ಲ ಎನ್ನಬಹುದು. ಇದೆ. ಬಿಇಇಯ ಇಸಿಬಿಸಿ 2007ರಲ್ಲಿ ಬಂದು, 2017ರಲ್ಲಿ ಪರಿಷ್ಕರಣೆಯಾಯಿತು. 2024ರಲ್ಲಿ ಅದರ ಜಾಗಕ್ಕೆ ಹೊಸ ಸಂಹಿತೆ ಬಂತು. ಆದರೆ ಕೇಂದ್ರದ ಇಸಿಬಿಸಿ ಮುಟ್ಟುತ್ತಿದ್ದುದು 100 ಕಿಲೋವ್ಯಾಟ್ ಸಂಪರ್ಕ ಹೊರೆ ಅಥವಾ 120 ಕೆವಿಎ ಬೇಡಿಕೆ ಮೇಲ್ಪಟ್ಟ ಹೊಸ ಕಟ್ಟಡಗಳನ್ನು. 2 ಟನ್ನಿನ ಎಸಿಗೆ ಸುಮಾರು 2 ಕಿಲೋವ್ಯಾಟ್ ಎಂದು ಹಿಡಿದರೆ, 20 ಎಸಿಗಳ ಕಲ್ಯಾಣ ಮಂಟಪವೂ ದೀಪ, ಪಂಪು ಸೇರಿಸಿ ಆ ಗೆರೆ ದಾಟುವುದು ಅನುಮಾನ. ತಾಲ್ಲೂಕು ಪೇಟೆಯ ಅಂಗಡಿಯ ಮಾತಂತೂ ದೂರವೇ ಉಳಿಯಿತು.

ಸಂಹಿತೆಯನ್ನು ಸ್ಥಳೀಯ ಹವೆಗೆ ತಕ್ಕಂತೆ ತಿದ್ದಿಕೊಳ್ಳಲು ರಾಜ್ಯಗಳಿಗೆ ಅಧಿಕಾರವಿದೆ. ಗಡಿಯವರಿಗೆ ತೊಡಕು ಶುರುವಾಗುವುದು ಇಲ್ಲಿ. ಅವಿಭಜಿತ ಆಂಧ್ರ 2014ರ ಜನವರಿಯಲ್ಲಿ ಹೊರಡಿಸಿದ ನಿಯಮ ವಿದ್ಯುತ್ ಹೊರೆಯ ಬದಲು ನಿವೇಶನ, ಕಟ್ಟಡಗಳ ವಿಸ್ತೀರ್ಣ ನೋಡಿತು. 1000 ಚದರ ಮೀಟರ್ ನಿವೇಶನದ ವಾಣಿಜ್ಯ ಕಟ್ಟಡವೂ ಅದರೊಳಗೆ ಬಂತು. ನಕ್ಷೆಗೆ ಅನುಮತಿ ಸಿಗಬೇಕಾದರೆ ಸರ್ಕಾರ ಗೊತ್ತುಮಾಡಿದ ಹೊರಗಿನ ತಜ್ಞರು ನೋಡಿ ಒಪ್ಪಬೇಕೆಂಬ ಪದ್ಧತಿಯೂ ಬಂತು. ಅಂದರೆ ರಾಯದುರ್ಗದಲ್ಲಿ ಕಟ್ಟುವ ಛತ್ರಕ್ಕೆ ಒಂದು ಅಳತೆ, ಪಕ್ಕದ ಬಳ್ಳಾರಿಯಲ್ಲಿ ಕಟ್ಟುವ ಛತ್ರಕ್ಕೆ ಇನ್ನೊಂದು. ಎರಡೂ ಕಡೆ ಎಸಿ ಕೂರಿಸುವವನು ಒಬ್ಬನೇ ಇರಬಹುದು. ವಿಚಾರಿಸಲು ಹೋಗಬೇಕಾದ ಕಚೇರಿಗಳೂ ಬೇರೆ ಬೇರೆ. ಕರ್ನಾಟಕದಲ್ಲಿ ಕ್ರೆಡಲ್, ಮಹಾರಾಷ್ಟ್ರದಲ್ಲಿ ಪುಣೆಯ ಮೇಡಾ, ತಮಿಳುನಾಡಿನಲ್ಲಿ ಮುಖ್ಯ ವಿದ್ಯುತ್ ಪರಿವೀಕ್ಷಕರು. ಕಾಸರಗೋಡಿನವರಿಗೆ ತಿರುವನಂತಪುರದ ಎನರ್ಜಿ ಮ್ಯಾನೇಜ್‌ಮೆಂಟ್ ಸೆಂಟರ್, ರಾಜ್ಯದ ಇನ್ನೊಂದು ತುದಿಯಲ್ಲಿ.

ಓಡುತ್ತಿರುವ ಎಸಿಯನ್ನು ತಪಾಸಣೆ ಮಾಡುವ ಪದ್ಧತಿ ಎಲ್ಲೂ ಇಲ್ಲವೆಂದಲ್ಲ. ಐರೋಪ್ಯ ಒಕ್ಕೂಟ 2002ರ ನಿರ್ದೇಶನದಲ್ಲೇ 12 ಕಿಲೋವ್ಯಾಟ್ ತಂಪು ಸಾಮರ್ಥ್ಯ ಮೀರಿದ ವ್ಯವಸ್ಥೆಗಳಿಗೆ ನಿಯತ ತಪಾಸಣೆ ವಿಧಿಸಿತು. ಟನ್ನಿನ ಲೆಕ್ಕದಲ್ಲಿ ಇದು ಸುಮಾರು ಮೂರೂವರೆ. ಇಂಗ್ಲೆಂಡಿನಲ್ಲಿ ಒಬ್ಬನ ವಶದಲ್ಲಿರುವ ಕಟ್ಟಡದ ಎಸಿಗಳನ್ನೆಲ್ಲ ಕೂಡಿಸಿ ನೋಡುವುದರಿಂದ, 2 ಟನ್ನಿನ ಎರಡು ಎಸಿ ಇರುವ ಬಟ್ಟೆ ಅಂಗಡಿಯೂ ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು. ವರದಿ ಮಾಡಿಸದಿದ್ದರೆ ದಂಡ. ವರದಿಯಲ್ಲಿ ಹೇಳಿದ್ದನ್ನು ಮಾಡಲೇಬೇಕೆಂಬ ಕಡ್ಡಾಯ ಮಾತ್ರ ಇಲ್ಲ. ಒಕ್ಕೂಟವೇ 2018ರಲ್ಲಿ ಮಿತಿಯನ್ನು 70 ಕಿಲೋವ್ಯಾಟಿಗೆ ಏರಿಸಿ ಸಣ್ಣ ಅಂಗಡಿಗಳನ್ನು ಕೈಬಿಟ್ಟಿತು. ಆದರೆ ಅಲ್ಲಿ ಎಸಿಯ ಗ್ಯಾಸ್ ಮುಟ್ಟುವ ಮೆಕ್ಯಾನಿಕ್‌ಗೆ ಪ್ರಮಾಣಪತ್ರ ಇರಲೇಬೇಕು. ಆ ನಿಯಮ ಸಡಿಲವಾಗಿಲ್ಲ.

ಇಲ್ಲಿಗೆ ಹೊಂದುವುದು ಈ ಎರಡನೆಯ ದಾರಿ. ಇನ್‌ಸ್ಪೆಕ್ಟರ್ ಎಂದೊಡನೆ ಜೇಬು ಮುಟ್ಟಿಕೊಳ್ಳುವ ಅಂಗಡಿಯವರ ಭಯ ಸುಳ್ಳಲ್ಲ. ಮಳಿಗೆ ಮಳಿಗೆಗೆ ಅಧಿಕಾರಿಯನ್ನು ಕಳಿಸಿದರೆ ಕರೆಂಟ್ ಉಳಿಯುತ್ತದೆಂಬ ಖಾತರಿಯೂ ಇಲ್ಲ. ಕೈಕೆಲಸ ಕಲಿಸಿ, ಕಲಿತವನಿಗೆ ಕಾಗದ ಕೊಟ್ಟರೆ ಹೆಚ್ಚು ಪ್ರಯೋಜನ. 2019ರ ಭಾರತೀಯ ಕೂಲಿಂಗ್ ಕ್ರಿಯಾ ಯೋಜನೆ 2022-23ರೊಳಗೆ ಒಂದು ಲಕ್ಷ ಮೆಕ್ಯಾನಿಕ್‌ಗಳಿಗೆ ತರಬೇತಿ, ಪ್ರಮಾಣಪತ್ರ ಕೊಡುವ ಗುರಿ ಇಟ್ಟದ್ದು ಇದೇ ಉದ್ದೇಶದಿಂದ. ಆದರೆ ಪ್ರಮಾಣಪತ್ರ ಇದ್ದವನೇ ಕೂರಿಸಬೇಕೆಂಬ ಕಟ್ಟು ಅದರಲ್ಲಿ ಇರಲಿಲ್ಲ. ನಾಳೆ ಆ ಕಟ್ಟು ಬಂದರೆ ಐಟಿಐ ಓದದೆ, ಗುರುವಿನ ಹಿಂದೆ ಏಣಿ ಹಿಡಿದು ಕೆಲಸ ಕಲಿತ ಹುಡುಗರಿಗೆ ಮೊದಲ ಪೆಟ್ಟು ಬೀಳುತ್ತದೆ. ಪರೀಕ್ಷೆ ಮಲಯಾಳಂ, ಮರಾಠಿ ಅಥವಾ ಇಂಗ್ಲಿಷಿನಲ್ಲಿ ಮಾತ್ರ ನಡೆದರೆ ಗಡಿಯ ಕನ್ನಡ ಶಾಲೆಯಲ್ಲಿ ಓದಿದವರಿಗೆ ಎರಡನೆಯ ಪೆಟ್ಟು. ಕೆಲಸ ಮಾಡಿ ತೋರಿಸುವ ಪರೀಕ್ಷೆ, ತನ್ನ ಭಾಷೆಯಲ್ಲಿ ಉತ್ತರಿಸುವ ಅವಕಾಶ, ಒಂದು ರಾಜ್ಯದ ಕಾಗದ ಇನ್ನೊಂದರಲ್ಲೂ ನಡೆಯುವ ಏರ್ಪಾಡು ಮೊದಲೇ ಆಗಬೇಕು.

ಅಲ್ಲಿಯವರೆಗೆ ಅಂಗಡಿಯವರ ಕೈಯಲ್ಲಿರುವುದು ಬಿಲ್ಲೊಂದೇ. ವ್ಯಾಕ್ಯೂಮ್ ಎಷ್ಟು ಹೊತ್ತು ಹಿಡಿದರು, ಗ್ಯಾಸ್ ಎಷ್ಟು ಗ್ರಾಂ ಹಾಕಿದರು, ಪೈಪ್ ಎಷ್ಟು ಮೀಟರ್ ಎಂಬುದನ್ನು ಅದರ ಮೇಲೆ ಬರೆಸಿಕೊಳ್ಳಬೇಕು. ಗ್ರಾಹಕ ನ್ಯಾಯಾಲಯಕ್ಕೆ ಹೋಗುವುದಾದರೆ ಒಂದು ಎಚ್ಚರ: ವಾಣಿಜ್ಯ ಉದ್ದೇಶದ ಖರೀದಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇಲ್ಲ, ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡದ್ದಾದರೆ ಮಾತ್ರ ಉಂಟು. ಹಾಗೆ ಅರ್ಹರಾದವರು ತಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನ ಡೀಲರ್ ಕಳಿಸಿದ ಮೆಕ್ಯಾನಿಕ್ ಕೆಲಸ ಕೆಡಿಸಿದ್ದರೆ ಹೊಸೂರಿನ ಸಣ್ಣ ಕ್ಷೌರದಂಗಡಿಯವರು ಅತ್ತಿಬೆಲೆ ದಾಟಬೇಕಾಗಿಲ್ಲ, ಕೃಷ್ಣಗಿರಿಯಲ್ಲೇ ಅರ್ಜಿ ಹಾಕಬಹುದು.