ವೇಗವೂ ವಿವೇಕವೂ

ಇಂದಿನ ಯುಗವನ್ನು ವೇಗದ ಯುಗವೆಂದು ಕರೆಯುವುದು ವಾಡಿಕೆಯಾಗಿದೆ. ಹೆಚ್ಚು ವೇಗವೇ ಹೆಚ್ಚು ಒಳ್ಳೆಯದೆಂಬ ಈ ನಂಬಿಕೆಯು ನಮ್ಮ ಚೀಲದೊಳಗಿನ ಲ್ಯಾಪ್‌ಟಾಪನ್ನೂ ಬಿಟ್ಟಿಲ್ಲ. ಅದರ ಫಲವು ಬೇಸಗೆಯ ಮಧ್ಯಾಹ್ನ ಕೆಲಗೇರಿಯ ತಗಡಿನ ಮಾಡಿನ ಕೋಣೆಗಳಲ್ಲಿ ಕುಳಿತು ಓದುವವರಿಗೆ ಗೊತ್ತಿರುವುದೇ: ಪಂಖೆಯ ಗಲಾಟೆ, ಕೈಸುಡುವ ಕೀಲಿಮಣೆ, ನಡುವೆಯೇ ತಡವರಿಸುವ ಚಿತ್ರ. ಇಂಥ ಯಂತ್ರದ ಗ್ರಾಫಿಕ್ಸ್ ಕಾರ್ಡಿನ ವೇಗವನ್ನು ನಾವಾಗಿಯೇ ಕೊಂಚ ತಗ್ಗಿಸಿಕೊಳ್ಳುವುದು ಜಾಣತನವೆಂಬುದು ನನ್ನ ಅಭಿಪ್ರಾಯ.

ಕಲಾ ವಿಭಾಗದವರಿಗೆ ಗ್ರಾಫಿಕ್ಸ್ ಕಾರ್ಡಿನ ಗೊಡವೆಯೇಕೆಂದು ಕೆಲವರು ಕೇಳಬಹುದು. ಭೂಗೋಲದ ನಕಾಶೆ, ಕಿರುಚಿತ್ರದ ಸಂಕಲನ, ಬಿಡುವಿನ ಆಟ, ಇವೆಲ್ಲವೂ ಅದರ ಹೆಗಲ ಮೇಲೆಯೇ ಬೀಳುತ್ತವೆ.

ಬಿಸಿಯ ಮರ್ಮವು ಸರಳವಾಗಿದೆ. ಚಿಪ್ ಕೆಲಸಮಾಡುವಾಗ ಉರಿಯುವ ವಿದ್ಯುತ್ತು ವೇಗದೊಡನೆ ಏರುತ್ತದೆ; ವೋಲ್ಟೇಜಿನ ವರ್ಗದೊಡನೆಯೂ ಏರುತ್ತದೆ. ಗರಿಷ್ಠ ವೇಗಕ್ಕೆ ಮಿತಿ ಹಾಕಿದರೆ ಬೇಕಾಗುವ ವೋಲ್ಟೇಜೂ ಸಾಮಾನ್ಯವಾಗಿ ಇಳಿಯುತ್ತದೆ. ಎರಡೂ ನೂರಕ್ಕೆ 10ರಷ್ಟು ಇಳಿದವೆನ್ನಿ. 0.9ನ್ನು ಮೂರು ಸಲ ಗುಣಿಸಿದರೆ 0.729, ಅಂದರೆ ಈ ಬಗೆಯ ವಿದ್ಯುತ್ತು ನೂರಕ್ಕೆ 27ರಷ್ಟು ಉಳಿಯಿತು. ಕೊಟ್ಟದ್ದು ಹತ್ತು, ಪಡೆದದ್ದು ಇಪ್ಪತ್ತೇಳು!

“ಪೂರ್ಣ ವೇಗಕ್ಕೆ ದುಡ್ಡು ಕೊಟ್ಟಿದ್ದೇವೆ, ಬಿಟ್ಟುಕೊಡುವುದೇಕೆ?” ಎಂಬುದು ಗೆಳೆಯರ ಆಕ್ಷೇಪ. ಆದರೆ ಆ ವೇಗವು ನಿಲ್ಲುವುದೆಷ್ಟು ಹೊತ್ತು? ತೆಳ್ಳನೆಯ ಪೆಟ್ಟಿಗೆ, ಅನೇಕ ಯಂತ್ರಗಳಲ್ಲಿ ಪ್ರೊಸೆಸರಿಗೂ ಗ್ರಾಫಿಕ್ಸಿಗೂ ಸೇರಿ ಅವೇ ತಾಮ್ರದ ಕೊಳವೆಗಳು. ಬಿಸಿ ಮಿತಿಮೀರಿದಾಗ ಯಂತ್ರವೇ ತನ್ನ ವೇಗವನ್ನು ಕತ್ತರಿಸಿಕೊಳ್ಳುತ್ತದೆ. ಮೇಲಾಗಿ, ಸೆಕೆಂಡಿಗೆ 60 ಸಲ ಹೊಸದಾಗುವ ತೆರೆಗೆ 120 ಚಿತ್ರಗಳನ್ನು ಸಿದ್ಧಪಡಿಸಿದರೆ ಅರ್ಧದಷ್ಟು ದುಡಿಮೆ ಕಣ್ಣಿಗೇ ಬೀಳದು. ನಮ್ಮ ಕಡೆಯ ರೈತರು ಸುಡುಬಿಸಿಲಿನಲ್ಲಿ ಎತ್ತುಗಳ ಕೊಳ್ಳು ಹರಿದು ನೆರಳಿಗೆ ಕಟ್ಟುತ್ತಾರೆ. ಅದನ್ನು ನಷ್ಟವೆಂದು ಯಾರೂ ಎಣಿಸುವುದಿಲ್ಲ.

ಬಿಸಿಯು ಬರಿಯ ಕಿರಿಕಿರಿಯಲ್ಲ. 2008ರ ಜುಲೈಯಲ್ಲಿ ಎನ್‌ವಿಡಿಯಾ ಕಂಪನಿಯು ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳು ಅಸಾಮಾನ್ಯವಾಗಿ ಕೆಡುತ್ತಿವೆಯೆಂದು ತಿಳಿಸಿ, ದುರಸ್ತಿಯ ವೆಚ್ಚಕ್ಕೆಂದು 15ರಿಂದ 20 ಕೋಟಿ ಡಾಲರು ಎತ್ತಿಟ್ಟಿತು. ಚಿಪ್‌ಗಳಲ್ಲಿ ಬಳಸಿದ ವಸ್ತುವಿನ ದೌರ್ಬಲ್ಯದ ಜೊತೆಗೆ, ಯಂತ್ರದೊಳಗಿನ ಬಿಸಿಯ ನಿರ್ವಹಣೆಯೂ ಬಳಕೆಯ ರೀತಿಯೂ ಕಾರಣಗಳಲ್ಲಿ ಸೇರಿದ್ದವು. ಲ್ಯಾಪ್‌ಟಾಪಿನಲ್ಲಿ ಈ ಚಿಪ್ಪನ್ನು ಬಹುಮಟ್ಟಿಗೆ ಮುಖ್ಯ ಫಲಕಕ್ಕೇ ಬೆಸೆದಿರುತ್ತಾರೆ. ಅದು ಸತ್ತರೆ ಅನೇಕ ಸಲ ಇಡೀ ಫಲಕವನ್ನೇ ಬದಲಿಸಬೇಕು.

ಇಲ್ಲಿಯೇ ನಮ್ಮ ಪ್ರಶ್ನೆಯು ದೊಡ್ಡದಾಗುವುದು. ನಮ್ಮ ಮನೆಯಲ್ಲಿ ಪದವಿಯ ತರಗತಿಗೆ ಕಾಲಿಟ್ಟವರಲ್ಲಿ ನಾನೇ ಮೊದಲಿಗ. ನನ್ನಂಥವರ ಮನೆಗಳಲ್ಲಿ ಲ್ಯಾಪ್‌ಟಾಪೆಂದರೆ ಒಂದು ಹಂಗಾಮಿನ ದುಡಿಮೆ. ಅಣ್ಣನ ತರುವಾಯ ತಂಗಿಯೂ ಅದರಲ್ಲಿಯೇ ಓದಬೇಕು. ನಮಗೆ ಬೇಕಾದುದು ಜಾಹೀರಾತಿನ ವೇಗವಲ್ಲ, ಯಂತ್ರದ ಆಯುಷ್ಯ.

ಮಾಡಬೇಕಾದುದು ಹೆಚ್ಚೇನಿಲ್ಲ. ಮೊದಲು ಧೂಳು ತೆಗೆಸಬೇಕು. ಧೂಳು ಕಟ್ಟಿದ ಪಂಖೆಗೆ ವೇಗದ ಮಿತಿಯೊಂದೇ ಮದ್ದಲ್ಲ. ಯಂತ್ರವನ್ನು ಹಾಸಿಗೆಯ ಮೇಲಿಡಬಾರದು. ಆಟಗಳಲ್ಲಿ ಚಿತ್ರಗಳ ಸಂಖ್ಯೆಯನ್ನು 60ಕ್ಕೆ ನಿಲ್ಲಿಸಬೇಕು. ಆಮೇಲೆ, ಯಂತ್ರವು ಒಪ್ಪಿದರೆ, ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ತಂತ್ರಾಂಶದಿಂದ ವೇಗವನ್ನು ಸ್ವಲ್ಪಸ್ವಲ್ಪವೇ ತಗ್ಗಿಸುತ್ತ ಉಷ್ಣಮಾನವನ್ನು ಗಮನಿಸಬೇಕು. ವೋಲ್ಟೇಜನ್ನು ಮಾತ್ರ ಕೈಯಾರೆ ಅತಿಯಾಗಿ ಇಳಿಸಿದರೆ ಯಂತ್ರವು ನಡುವೆಯೇ ನಿಂತೀತು. ಹೊಸಬರು ಅದಕ್ಕೆ ಕೈಹಾಕದಿರುವುದು ಲೇಸು.

ಲ್ಯಾಪ್‌ಟಾಪು ಕೊಳ್ಳುವಾಗ ಅಂಗಡಿಯವರು ವೇಗವನ್ನು ಬಣ್ಣಿಸುತ್ತಾರೆ, ಬಾಳಿಸುವ ಬಗೆಯನ್ನು ಹೇಳುವುದಿಲ್ಲ. ಆ ಕೆಲಸವು ಕಾಲೇಜಿನದು. ವರ್ಷಾರಂಭದಲ್ಲಿ ನಮ್ಮ ಗಣಕ ಕೊಠಡಿಯಲ್ಲಿ ಇದಕ್ಕೆಂದು ಒಂದು ತಾಸನ್ನು ಮೀಸಲಿಡಬೇಕೆಂದು ಅಧ್ಯಾಪಕವರ್ಗದವರಲ್ಲಿ ನನ್ನ ವಿನಂತಿ. ಆ ಒಂದು ತಾಸು ಎಷ್ಟೋ ಮನೆಗಳ ಒಂದು ಹಂಗಾಮಿನ ದುಡಿಮೆಯನ್ನು ಉಳಿಸೀತು.